ಗಾಲಿಗೆ ತಕ್ಕ ಹಳಿ

ಗುಡೂರಿನ ನಮ್ಮ ಹಿರಿಯರ ಮನೆಯ ಹಿತ್ತಿಲಿನಲ್ಲಿ ಇಂದು ಎರಡು ವಾಹನಗಳು ಅಕ್ಕಪಕ್ಕದಲ್ಲಿ ನಿಂತಿವೆ. ಒಂದು, ನನ್ನ ತಂದೆಯವರ ಕಾಲದ ಚಕ್ಕಡಿ. ಅದನ್ನೆಳೆಯುತ್ತಿದ್ದ ಎತ್ತುಗಳು ಕೊಟ್ಟಿಗೆಯಿಂದ ಮರೆಯಾಗಿ ಬಹಳ ವರ್ಷಗಳಾದವು; ಆದರೂ ಗಾಲಿಯನ್ನು ತಟ್ಟಿ ನೋಡಿದರೆ ಇಂದಿಗೂ ಗಟ್ಟಿಯಾದ ಸದ್ದು ಬರುತ್ತದೆ. ಇನ್ನೊಂದು, ತೀರಿಹೋದ ನನ್ನ ತಮ್ಮನ ಕಾರು. ಬೆಂಗಳೂರಿನಲ್ಲಿಯೇ ತಯಾರಾದ ‘ಡಾಲ್ಫಿನ್’ ಎಂಬ ಎರಡು ಬಾಗಿಲಿನ ಪುಟ್ಟ ಕಾರು ಅದು. ನನ್ನ ತಮ್ಮ ತಾರುಣ್ಯದಲ್ಲಿ ಅದನ್ನು ಪಂದ್ಯಗಳಲ್ಲಿ ಓಡಿಸಿದವನು. ವಯಸ್ಸಾದ ಮೇಲೆ ಬನದ ಹುಣ್ಣಿಮೆಗೆ ಅದರಲ್ಲಿಯೇ ಊರಿಗೆ ಬರುತ್ತಿದ್ದ. ಅವನ ನಂತರ ಬೆಂಗಳೂರಿನ ಮನೆಯಲ್ಲಿ ನಿಲ್ಲಿಸಲು ಸ್ಥಳವಿಲ್ಲದೆ ಅವನ ಮಗ ಅದನ್ನು ಲಾರಿಯ ಮೇಲೆ ಹೇರಿಸಿಕೊಂಡು ಇಲ್ಲಿಗೆ ತಂದ.

“ದೊಡ್ಡಪ್ಪಾ, ಇದನ್ನ ಒಂದ್ಸಲ ಬನಶಂಕರಿ ಗುಡಿತನಕ ಓಡಿಸ್ಕೊಂಡು ಹೋಗಿ ಬರಬೇಕು. ಅಪ್ಪ ಹೋಗ್ತಿದ್ದಂಗ,” ಎಂದು ಅವನು ಹೇಳಿದಾಗ, ಇದೇನು ಮಹಾ ಕಷ್ಟದ ಕೆಲಸವೆಂದು ನನಗೆ ತೋರಲಿಲ್ಲ. ಕಾರಿನ ಮೈ ಗಾಜಿನ ನಾರಿನದು. ಅದಕ್ಕೆ ತುಕ್ಕು ಹಿಡಿಯುವ ಭಯವಿಲ್ಲ. ಎಂಜಿನ್ನು ಇಳಕಲ್ಲಿನ ಮೇಸ್ತ್ರಿಯ ಕೈಯಲ್ಲಿ ಮೂರನೆಯ ದಿನವೇ ಉಸಿರಾಡಿತು. ಬ್ರೇಕು, ವಯರುಗಳು ಸರಿಯಾದವು. ಉಳಿದದ್ದು ನಾಲ್ಕು ಟೈರುಗಳು ಮಾತ್ರ. ಎಲ್ಲಕ್ಕಿಂತ ಕಠಿನವಾಗಬೇಕಾದ ಕೆಲಸಗಳು ಸುಲಭವಾಗಿ ಮುಗಿದು, ಎಲ್ಲಕ್ಕಿಂತ ಸುಲಭವೆಂದುಕೊಂಡದ್ದೇ ತಿಂಗಳುಗಟ್ಟಲೆ ನಮ್ಮನ್ನು ಕಾಡಿತು. ಆ ಹುಡುಕಾಟದಲ್ಲಿ ನಾನು ಗಾಲಿಯ ಇತಿಹಾಸದ ಬಗೆಗೆ ಕಲಿತುಕೊಂಡ ಕೆಲವು ಸಂಗತಿಗಳನ್ನು ತಮ್ಮ ಮುಂದಿಡುವುದು ಈ ಭಾಷಣದ ಉದ್ದೇಶ.

ಕಷ್ಟಕ್ಕೆ ಕಾರಣ ಗಾಲಿಯ ಅಳತೆ. ನಮ್ಮ ಕಾರಿನ ಗಾಲಿಯ ಉಕ್ಕಿನ ಬಳೆಯ ವ್ಯಾಸ ಕೇವಲ 10 ಅಂಗುಲ. ಊಟದ ತಾಟಿಗಿಂತಲೂ ಚಿಕ್ಕದು. ಇಷ್ಟು ಸಣ್ಣ ಗಾಲಿಯ ಮೇಲೆ ನಾಲ್ಕು ಜನರನ್ನು ಕೂರಿಸಿ ಓಡಿಸಬೇಕೆಂಬ ಯೋಚನೆ ಯಾರಿಗೆ, ಏಕೆ ಹೊಳೆಯಿತು?

ಅದರ ಮೂಲ ಒಂದು ಯುದ್ಧದಲ್ಲಿದೆ. 1956ರಲ್ಲಿ ಸುಯೆಜ್ ಕಾಲುವೆಯ ಪ್ರಕರಣದಿಂದ ಇಂಗ್ಲೆಂಡಿನಲ್ಲಿ ಪೆಟ್ರೋಲಿಗೆ ಪಡಿತರ ಬಂತು. ಕಡಿಮೆ ಎಣ್ಣೆ ಕುಡಿಯುವ, ಆದರೆ ನಾಲ್ವರು ನೆಮ್ಮದಿಯಾಗಿ ಕೂರಬಲ್ಲ ಸಣ್ಣ ಕಾರೊಂದನ್ನು ರೂಪಿಸುವ ಕೆಲಸ ಬ್ರಿಟಿಷ್ ಮೋಟಾರ್ ಕಾರ್ಪೊರೇಶನ್ನಿನ ಅಲೆಕ್ ಇಸಿಗೋನಿಸ್ ಎಂಬ ಎಂಜಿನಿಯರನ ಪಾಲಿಗೆ ಬಂತು. ಹತ್ತು ಅಡಿ ಉದ್ದದ ಕಾರಿನಲ್ಲಿ ಮನುಷ್ಯರ ಮೊಣಕಾಲಿಗೆ ಜಾಗ ಸಿಗಬೇಕಾದರೆ ಬೇರೆ ಯಾವುದಾದರೂ ಚಿಕ್ಕದಾಗಲೇಬೇಕು. ಆತ ಎಂಜಿನ್ನನ್ನು ಅಡ್ಡಲಾಗಿ ಮಲಗಿಸಿದ. ಗಾಲಿಗಳನ್ನು 10 ಅಂಗುಲಕ್ಕೆ ಇಳಿಸಿದ. ಅಂಥ ಗಾಲಿಗೆ ತಕ್ಕ ಟೈರು ಆಗ ಪೇಟೆಯಲ್ಲಿರಲಿಲ್ಲ. ಡನ್ಲಪ್ ಸಂಸ್ಥೆ ಅದಕ್ಕೆಂದೇ ತಯಾರಿಸಿಕೊಟ್ಟಿತು. 1959ರ ಆಗಸ್ಟಿನಲ್ಲಿ ‘ಮಿನಿ’ ಹೊರಬಂತು. ಬಡವರ ಕಾರೆಂದು ಹುಟ್ಟಿದ ಅದು ಪಂದ್ಯದ ಕಣಕ್ಕೂ ಇಳಿದು, 1964, 1965 ಮತ್ತು 1967ರಲ್ಲಿ ಮಾಂಟೆ ಕಾರ್ಲೊ ರ್‍ಯಾಲಿಯನ್ನು ಗೆದ್ದಿತು. ನೆಲಕ್ಕೆ ಹತ್ತಿಕೊಂಡಂತೆ ತಿರುವುಗಳಲ್ಲಿ ಓಡುವ ಸಣ್ಣ ಗಾಲಿಯ ಕಾರಿಗೆ ಅಲ್ಲಿಂದ ಒಂದು ಕೀರ್ತಿಯೇ ಬಂದುಬಿಟ್ಟಿತು.

ಅದೇ ಇಂಗ್ಲೆಂಡಿನ ರಿಲಯಂಟ್ ಎಂಬ ಸಂಸ್ಥೆ 1975ರಲ್ಲಿ ‘ಕಿಟನ್’, ಅಂದರೆ ಬೆಕ್ಕಿನ ಮರಿ ಎಂಬ ಹೆಸರಿನ ಕಾರನ್ನು ಹೊರತಂದಿತು. ಗಾಜಿನ ನಾರಿನ ಮೈ, 848 ಘನ ಸೆಂಟಿಮೀಟರಿನ ಅಲ್ಯೂಮಿನಿಯಂ ಎಂಜಿನ್ನು, ಅದಕ್ಕೂ 10 ಅಂಗುಲದ ಗಾಲಿ. ಈ ಬೆಕ್ಕಿನ ಮರಿಯೇ ಸಮುದ್ರ ದಾಟಿ ಬಂದು ಕರ್ನಾಟಕದಲ್ಲಿ ಡಾಲ್ಫಿನ್ ಆಯಿತು. ಬೆಂಗಳೂರಿನ ಸಿಪಾನಿ ಆಟೋಮೊಬೈಲ್ಸ್ 1970ರ ದಶಕದಲ್ಲಿ ‘ಬಾದಲ್’ ಎಂಬ ಮೂರು ಗಾಲಿಯ ವಿಚಿತ್ರ ಕಾರನ್ನು ಮಾಡಿ ಹೆಸರಾಗಿತ್ತು. 1982ರಲ್ಲಿ ಡಾಲ್ಫಿನ್ನನ್ನು ಹೊರತಂದಿತು. ಅಂಬಾಸಡರ್, ಫಿಯೆಟ್ ಎಂಬ ಎರಡೇ ಹೆಸರುಗಳನ್ನು ಕೇಳಿ ಬೇಸತ್ತ ಜನಕ್ಕೆ ಅದೊಂದು ಹೊಸತು. ಹಗುರವಾದ ಮೈಯಿಂದಾಗಿ ಪಂದ್ಯದ ಹುಡುಗರು ಅದನ್ನು ಮೆಚ್ಚಿಕೊಂಡರು. ಆದರೆ 1983ರ ಡಿಸೆಂಬರಿನಲ್ಲಿ ಮಾರುತಿ ಬಂದಿತು. ನಾಲ್ಕು ಬಾಗಿಲು, 12 ಅಂಗುಲದ ಗಾಲಿ, ಊರೂರಿನಲ್ಲಿ ಬಿಡಿಭಾಗ. ಡಾಲ್ಫಿನ್ನಿಗೆ ಅದರ ಮುಂದೆ ನಿಲ್ಲಲಾಗಲಿಲ್ಲ. 1990ರ ದಶಕದ ಮಧ್ಯಭಾಗದಲ್ಲಿ ಬೆಂಗಳೂರಿನ ಆ ಕಾರ್ಖಾನೆಯ ಕಾರುಗಳ ಕಥೆಯೇ ಮುಗಿಯಿತು.

ಇನ್ನು ನಮ್ಮ ಟೈರುಗಳ ವಿಷಯಕ್ಕೆ ಬರುತ್ತೇನೆ. ನನ್ನ ತಮ್ಮ ಎಲ್ಲಿಂದಲೋ ತರಿಸಿ ಹಾಕಿಸಿದ ಆ ಟೈರುಗಳ ಪಕ್ಕೆಯ ಮೇಲೆ ‘145 ಎಸ್ ಆರ್ 10’ ಎಂದು ಉಬ್ಬಕ್ಷರದಲ್ಲಿ ಬರೆದಿತ್ತು. ಶಾಸನ ಓದುವ ಹವ್ಯಾಸವಿದ್ದ ನನಗೆ ಅದನ್ನು ಬಿಡಿಸುವುದು ಒಂದು ವಿನೋದವೇ ಆಯಿತು. 145 ಎಂಬುದು ಟೈರಿನ ಅಗಲ, ಮಿಲಿಮೀಟರಿನಲ್ಲಿ. ‘ಎಸ್’ ಎಂಬುದು ವೇಗದ ಗುರುತು. ಗಂಟೆಗೆ 180 ಕಿಲೋಮೀಟರ್‌ವರೆಗೆ ಅದು ತಾಳಬಲ್ಲದು. ‘ಆರ್’ ಎಂದರೆ ರೇಡಿಯಲ್. ಒಳಗಿನ ನೂಲಿನ ಎಳೆಗಳು ಗಾಲಿಯ ಅರಗಳಂತೆ ನಡುವಿನಿಂದ ಅಂಚಿಗೆ ನೇರವಾಗಿ ಹಾಯುತ್ತವೆ ಎಂದರ್ಥ. ಗುಡೂರು ಮಗ್ಗಗಳ ಊರು; ನೂಲು ಹೇಗೆ ಹಾಯಬೇಕೆಂಬುದರ ಮೇಲೆ ಬಟ್ಟೆಯ ಗುಣ ನಿಂತಿದೆಯೆಂಬುದನ್ನು ಇಲ್ಲಿಯವರಿಗೆ ನಾನು ವಿವರಿಸಬೇಕಾಗಿಲ್ಲ. ಕೊನೆಯ 10 ಎಂಬುದು ಗಾಲಿಯ ವ್ಯಾಸ, ಅಂಗುಲದಲ್ಲಿ. ಒಂದೇ ಸಾಲಿನಲ್ಲಿ ಫ್ರಾನ್ಸಿನ ಮಿಲಿಮೀಟರೂ ಇಂಗ್ಲೆಂಡಿನ ಅಂಗುಲವೂ ಕೂಡಿ ಬಾಳುತ್ತಿರುವುದನ್ನು ಕಂಡು ನನಗೆ ನಗು ಬಂತು.

ನೋಡುವುದಕ್ಕೆ ಆ ಟೈರುಗಳಲ್ಲಿ ಸವೆತವೇ ಇರಲಿಲ್ಲ. ಹಲ್ಲುಗಳು ಹೊಸದರಂತೆ ಆಳವಾಗಿದ್ದವು. “ಇವಕ್ಕೇನಾಗ್ಯಾದ? ಗಾಳಿ ಹಾಕಿಸಿ ಓಡಿಸು,” ಎಂದೆ ನಾನು. ಮೇಸ್ತ್ರಿ ಮಾತನಾಡದೆ ಪಕ್ಕೆಯನ್ನು ಹೆಬ್ಬೆರಳಿನಿಂದ ಒತ್ತಿ ತೋರಿಸಿದ. ಬರಗಾಲದ ಎರೆಹೊಲದಂತೆ ಸಣ್ಣ ಸಣ್ಣ ಬಿರುಕುಗಳು ಬಾಯಿಬಿಟ್ಟವು. ರಬ್ಬರು ಓಡಿದರೆ ಮಾತ್ರವಲ್ಲ, ನಿಂತರೂ ಮುದಿಯಾಗುತ್ತದೆ. ಗಾಳಿಯ ಆಮ್ಲಜನಕ, ಓಝೋನ್, ಬಿಸಿಲು ಅದರ ಬಿಗುವನ್ನು ಒಳಗಿನಿಂದ ತಿನ್ನುತ್ತವೆ. ಆದ್ದರಿಂದಲೇ 2000ನೆಯ ಇಸವಿಯಿಂದ ಟೈರುಗಳ ಮೇಲೆ ಹುಟ್ಟಿದ ವಾರವನ್ನೂ ವರ್ಷವನ್ನೂ ನಾಲ್ಕು ಅಂಕಿಗಳಲ್ಲಿ ಮುದ್ರಿಸುವ ಪದ್ಧತಿ ಬಂದಿದೆ; 2308 ಎಂದಿದ್ದರೆ 2008ರ 23ನೆಯ ವಾರ. ಎಷ್ಟೇ ಚೆನ್ನಾಗಿ ಕಂಡರೂ ಹತ್ತು ವರ್ಷ ದಾಟಿದ ಟೈರನ್ನು ನಂಬಬಾರದೆಂಬುದು ತಯಾರಕರಲ್ಲಿ ಹಲವರ ಸಲಹೆ. ನಮ್ಮವು ಆ ವಯಸ್ಸನ್ನು ಎಂದೋ ದಾಟಿದ್ದವು.

ಇಳಕಲ್ಲು ಕಲ್ಲುಗಣಿಗಳ ಊರು. ಕೆಂಪು ಶಿಲೆಯ ದಿಮ್ಮಿಗಳನ್ನು ಹೊರುವ ಲಾರಿಗಳಿಂದಾಗಿ ಅಲ್ಲಿ ಟೈರಿನ ಅಂಗಡಿಗಳಿಗೆ ಕೊರತೆಯಿಲ್ಲ. ಮನುಷ್ಯನ ಎದೆಯೆತ್ತರದ ಟೈರುಗಳ ನಡುವೆ ನಮ್ಮ ಪುಟ್ಟ ಗಾಲಿಯನ್ನು ಹಿಡಿದು ನಿಂತಾಗ, ಅಂಗಡಿಯವನು ಅದು ಮಕ್ಕಳ ಆಟಿಗೆಯೇ ಎಂದು ಕೇಳಿದ. ಆಮೇಲೆ ಒಳಗೆ ಹೋಗಿ, ಸಾಮಾನು ಹೊರುವ ಮೂರು ಗಾಲಿಯ ಗಾಡಿಗೆ ಹಾಕುವ ಟೈರೊಂದನ್ನು ತಂದ. ಅದರ ಮೇಲೆ ‘4.50-10’ ಎಂದಿತ್ತು. “ಹತ್ತಕ್ಕ ಹತ್ತು ಕೂಡ್ತದ್ರೀ ಸರ, ಹಾಕ್ರಿ,” ಎಂದ. ನನ್ನ ತಮ್ಮನ ಮಗ ಬೇಡವೆಂದು ತಲೆಯಾಡಿಸಿದ. ನನಗೆ ಅದು ಮೊದಲು ಬಿಂಕವೆನ್ನಿಸಿತು. ಕಾರಣ ತಿಳಿದ ಮೇಲೆ ಅವನದೇ ಸರಿಯೆನ್ನಿಸಿತು.

ಗಾಲಿಯ ಮೇಲೆ ಕೂಡುವುದು ಬೇರೆ, ಗಾಲಿಗೆ ಹೊಂದುವುದು ಬೇರೆ. ಮೂರು ಗಾಲಿಯ ಗಾಡಿಯ ಟೈರು ಭಾರ ಹೊರಲೆಂದು, ಮೆಲ್ಲಗೆ ಓಡಲೆಂದು ಮಾಡಿದ್ದು. ಅದರ ಪಕ್ಕೆ ಬಿರುಸು, ಮೈ ಇಕ್ಕಟ್ಟು. ಹಗುರವಾದ ಕಾರು ಅದರ ಮೇಲೆ ಪುಟಿಯುತ್ತದೆ. ಒದ್ದೆ ರಸ್ತೆಯಲ್ಲಿ ಬ್ರೇಕು ಒತ್ತಿದರೆ ಜಾರುತ್ತದೆ. ಪರದೇಶಗಳಲ್ಲಿ ನಮ್ಮ ಅಳತೆಯದೇ ಆದ ಟೈರು ಅಗ್ಗವಾಗಿ ಸಿಗುವುದುಂಟು. ಆದರೆ ಅದು ಕಾರಿನ ಹಿಂದೆ ಕಟ್ಟಿ ಎಳೆಯುವ ತೇರುಬಂಡಿ, ಅಂದರೆ ಟ್ರೇಲರಿನದು. ಟ್ರೇಲರಿನ ಟೈರು ಹಿಂದಿನಿಂದ ಉರುಳಿದರೆ ಸಾಕು. ಕಾರನ್ನು ತಿರುಗಿಸುವ, ನಿಲ್ಲಿಸುವ ಹೊಣೆ ಅದಕ್ಕಿಲ್ಲ. ಅಂಕಿಗಳು ಒಂದೇ ಆದರೂ ಕರ್ತವ್ಯಗಳು ಬೇರೆ.

ಆ ದಿನ ಸಂಜೆ ಬರಿಗೈಯಲ್ಲಿ ಹಿಂದಿರುಗಿ ಹಿತ್ತಿಲಿನಲ್ಲಿ ಕೂತಾಗ ನನ್ನ ಕಣ್ಣು ಚಕ್ಕಡಿಯ ಕಡೆಗೆ ಹೋಯಿತು. ಅದಕ್ಕೆ ಹಳಿ ಕಟ್ಟುವುದನ್ನು ನಾನು ಬಾಲ್ಯದಲ್ಲಿ ಕಂಡಿದ್ದೆ. ಈಗಿನವರು ಹಳಿಯೆಂದರೆ ರೈಲಿನದೆಂದೇ ತಿಳಿಯುತ್ತಾರೆ. ಆದರೆ ಚಕ್ಕಡಿಯ ಗಾಲಿಯ ಸುತ್ತಲಿನ ಕಬ್ಬಿಣದ ಪಟ್ಟಿಯೂ ಹಳಿಯೇ. ಬಡಿಗ ಗಾಲಿಯನ್ನು ಕಟ್ಟಿ ಮುಗಿಸಿದ ಮೇಲೆ ಕಮ್ಮಾರ ಒಂದು ದಾರವನ್ನು ಅದರ ಅಂಚಿನ ಸುತ್ತ ಸುತ್ತಿ ಅಳತೆ ತೆಗೆದುಕೊಳ್ಳುತ್ತಿದ್ದ. ಹಳಿಯ ಸುತ್ತಳತೆಯನ್ನು ಬೇಕೆಂದೇ ಅದಕ್ಕಿಂತ ಸ್ವಲ್ಪ ಕಡಿಮೆ ಹಿಡಿಯುತ್ತಿದ್ದ. ನೆಲದ ಮೇಲೆ ಹಳಿಯನ್ನು ಮಲಗಿಸಿ ಸುತ್ತಲೂ ಕುಳ್ಳು ಒಟ್ಟಿ ಉರಿ ಹಚ್ಚಿದರೆ ಅದು ಕೆಂಪಾಗಿ ಹಿಗ್ಗುತ್ತಿತ್ತು. ನಾಲ್ವರು ಇಕ್ಕಳದಿಂದ ಎತ್ತಿ ಗಾಲಿಗೆ ತೊಡಿಸಿ, ಸುತ್ತಿಗೆಯಿಂದ ಬಡಿದು, ಕೊಡಗಟ್ಟಲೆ ನೀರು ಸುರಿಯುತ್ತಿದ್ದರು. ಹೊಗೆ, ಆವಿ, ಮರ ಸುಟ್ಟ ವಾಸನೆ. ಅದರ ನಡುವೆ ಗಾಲಿಯ ಕೀಲುಗಳೆಲ್ಲ ಬಿಗಿದುಕೊಳ್ಳುವ ಕರಕರ ಸದ್ದು. ಐದು ಅಡಿ ವ್ಯಾಸದ ಗಾಲಿಯ ಸುತ್ತಳತೆ ಸುಮಾರು 4.8 ಮೀಟರ್. ಅಷ್ಟುದ್ದದ ಕಬ್ಬಿಣ 600 ಡಿಗ್ರಿ ಕಾದರೆ ಸುಮಾರು 34 ಮಿಲಿಮೀಟರ್ ಹಿಗ್ಗುತ್ತದೆಂದು ಇಂದು ಕಾಗದದ ಮೇಲೆ ಲೆಕ್ಕ ಹಾಕಬಹುದು. ಕಮ್ಮಾರ ಆ ಲೆಕ್ಕವನ್ನು ದಾರದ ಗಂಟಿನಲ್ಲಿಯೇ ಹಾಕುತ್ತಿದ್ದ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆ ಹಳಿಗೆ ‘ಸೈಜು’ ಎಂಬುದಿರಲಿಲ್ಲ. ಅದು ಆ ಒಂದು ಗಾಲಿಗೆ ಹುಟ್ಟಿದ ಹಳಿ. ಜೋಡಿಗಾಲಿಗೂ ಅದು ಕೂಡುತ್ತಿತ್ತೆಂದು ಹೇಳಲಾಗದು. ಗಾಲಿ ಎಷ್ಟು ಹಳೆಯದಾದರೂ ದಾರವೊಂದನ್ನು ಹಿಡಿದು ಅಳೆಯುವ ಕಮ್ಮಾರನಿದ್ದರೆ ಅದಕ್ಕೆ ಹಳಿ ಸಿಗದೆ ಹೋಗುವ ಪ್ರಶ್ನೆಯೇ ಇರಲಿಲ್ಲ.

ರಬ್ಬರಿನ ಟೈರೂ ಬೆಂಕಿಯಲ್ಲಿಯೇ ಹುಟ್ಟುತ್ತದೆ. ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದರೆ ಅದು ಗಟ್ಟಿಯಾಗಿಯೂ ಪುಟಿಯುವಂತೆಯೂ ಆಗುತ್ತದೆಂಬುದನ್ನು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡ. ಗಾಳಿ ತುಂಬಿದ ಗಾಲಿಯ ಕಲ್ಪನೆಗೆ ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲಿಯೇ ಹಕ್ಕುಪತ್ರ ಪಡೆದಿದ್ದ. ಆದರೆ ಲೋಕ ಅದನ್ನು ಮರೆತಿತು. 1888ರಲ್ಲಿ ಬೆಲ್ಫಾಸ್ಟಿನ ಜಾನ್ ಬಾಯ್ಡ್ ಡನ್ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗೆ ಮತ್ತೆ ಅದನ್ನೇ ಮಾಡಿದ. ಡನ್ಲಪ್ ವೃತ್ತಿಯಿಂದ ದನಕುದುರೆಗಳ ವೈದ್ಯ. ಅವನ ಹೆಸರಿನ ಸಂಸ್ಥೆ 1936ರಲ್ಲಿ ಬಂಗಾಳದ ಸಹಗಂಜಿನಲ್ಲಿ ಕಾರ್ಖಾನೆ ತೆರೆದು, ಮುಂದೆ ಎತ್ತಿನ ಗಾಡಿಗಳಿಗೂ ರಬ್ಬರಿನ ಟೈರನ್ನು ಒದಗಿಸಿತು. ನಮ್ಮ ಕಡೆಯ ಕಬ್ಬಿನ ಹೊಲಗಳಿಗೆ ಟೈರಿನ ಗಾಡಿ ಬಂದಾಗ ಎತ್ತುಗಳ ಹೆಗಲಿಗೆ ಎಷ್ಟು ನೆಮ್ಮದಿಯಾಯಿತೆಂಬುದನ್ನು ನಾನೇ ಕಂಡಿದ್ದೇನೆ. ಹೊಸತೆಲ್ಲ ಕೆಟ್ಟದ್ದೆಂದು ಹೇಳುವವನು ನಾನಲ್ಲ.

ಆದರೆ ಎರಡು ಬೆಂಕಿಗಳಿಗೂ ವ್ಯತ್ಯಾಸವಿದೆ. ಟೈರು ಬೇಯುವುದು ಉಕ್ಕಿನ ಅಚ್ಚಿನೊಳಗೆ. ಒಂದೊಂದು ಅಳತೆಗೆ ಒಂದೊಂದು ಅಚ್ಚು ಬೇಕು. ಅಚ್ಚು ಬಲು ದುಬಾರಿ. ಸಾವಿರಾರು ಗಾಲಿಗಳು ಕೇಳಿದಾಗ ಮಾತ್ರ ಅದರ ಬೆಲೆ ಹುಟ್ಟುತ್ತದೆ. ಕೇಳುವವರು ಕಡಿಮೆಯಾದರೆ ಅಚ್ಚನ್ನು ಮೂಲೆಗಿಡುತ್ತಾರೆ. ಅಂದಿನಿಂದ ಆ ಅಳತೆಯ ಗಾಲಿಗಳೆಲ್ಲ, ಒಂದು ಬಿರುಕೂ ಇಲ್ಲದೆ, ಇದ್ದಲ್ಲಿಯೇ ಸತ್ತಂತೆ. ಹಿಂದೆ ಗಾಲಿಗೆ ತಕ್ಕ ಹಳಿಯನ್ನು ಮಾಡುತ್ತಿದ್ದರು. ಈಗ ಸಿಗುವ ಹಳಿಗೆ ತಕ್ಕ ಗಾಲಿಯನ್ನು ಹುಡುಕಬೇಕಾಗಿದೆ. ವಸ್ತುಗಳು ಮುರಿದು ಸಾಯುವುದಕ್ಕಿಂತ, ಅವುಗಳಲ್ಲಿ ಸವೆಯುವ ಭಾಗವನ್ನು ಯಾರೂ ಮಾಡದೆ ಹೋದಾಗ ಸಾಯುವುದೇ ನಮ್ಮ ಕಾಲದಲ್ಲಿ ಹೆಚ್ಚು.

ಸಣ್ಣ ಗಾಲಿಗೆ ಇದು ಎರಡು ಪಟ್ಟು ಕಷ್ಟ. ಅದು ಬೇಗ ಸವೆಯುತ್ತದೆ. ನಮ್ಮ ಕಾರಿನ ಟೈರಿನ ಹೊರವ್ಯಾಸ ಸುಮಾರು 486 ಮಿಲಿಮೀಟರ್. ಒಂದು ಕಿಲೋಮೀಟರಿಗೆ ಅದು ಸುಮಾರು 655 ಸುತ್ತು ಸುತ್ತಬೇಕು. ಚಕ್ಕಡಿಯ ಗಾಲಿಗೆ ಅದೇ ದಾರಿಗೆ 209 ಸುತ್ತು ಸಾಕು. ದೊಡ್ಡಣ್ಣ ಒಂದು ಹೆಜ್ಜೆ ಇಡುವಲ್ಲಿ ಚಿಕ್ಕವನು ಮೂರು ಹೆಜ್ಜೆ ಓಡಬೇಕು. ಕಾವೂ ಸವೆತವೂ ಹೆಚ್ಚು. ಇದಲ್ಲದೆ 10 ಅಂಗುಲದ ಗಾಲಿಯೊಳಗೆ ಒಳ್ಳೆಯ ಡಿಸ್ಕ್ ಬ್ರೇಕು ಹಿಡಿಸುವುದು ಕಷ್ಟ. ಅದಕ್ಕಾಗಿಯೇ ಸಣ್ಣ ಗಾಲಿಯ ಮೂಲಪುರುಷನಾದ ಮಿನಿಯೇ 1984ರಲ್ಲಿ 12 ಅಂಗುಲಕ್ಕೆ ಏರಿತು. 

ಹಾಗಿದ್ದರೂ 10 ಅಂಗುಲದ ಕಾರಿನ ಟೈರು ಲೋಕದಿಂದ ಪೂರ್ತಿ ಮಾಯವಾಗಿಲ್ಲ. 2000ನೆಯ ಇಸವಿಯಲ್ಲಿ ನಿಲ್ಲುವವರೆಗೆ ಮಿನಿ 50 ಲಕ್ಷಕ್ಕೂ ಮಿಕ್ಕಿ ತಯಾರಾಗಿತ್ತು. ಅದನ್ನು ಪ್ರೀತಿಸುವವರು ಇಂಗ್ಲೆಂಡಿನಲ್ಲಿ, ಜಪಾನಿನಲ್ಲಿ ಲಕ್ಷಗಟ್ಟಲೆ. ಅವರ ಹಟಕ್ಕೆ ಮಣಿದು ಯೊಕೊಹಾಮಾದಂಥ ಸಂಸ್ಥೆಗಳು ಆ ಅಳತೆಯ ಟೈರನ್ನು ಮಾಡುತ್ತ ಬಂದವು. ಬೆಂಗಳೂರಿನ ಡಾಲ್ಫಿನ್ನಿಗೆ ಅಂಥ ದೊಡ್ಡ ಬಳಗವಿಲ್ಲ. ದೂರದ ಯಾರೋ ಮಿನಿಯ ಮೇಲಿಟ್ಟ ಮಮತೆಯ ನೆರಳಿನಲ್ಲಿ ಅದು ಬದುಕಬೇಕು. ಆ ನೆರಳೂ ನಮ್ಮ ಹಿತ್ತಿಲಿನವರೆಗೆ ಚಾಚಲಿಲ್ಲ. ಟೈರುಗಳಿಗೆ ಭಾರತೀಯ ಮಾನಕದ ಗುರುತು ಕಡ್ಡಾಯವೆಂದು ಕೇಂದ್ರ ಸರಕಾರ 2009ರಲ್ಲಿ ಆದೇಶ ಹೊರಡಿಸಿತು. 2020ರ ಜೂನಿನಲ್ಲಿ ಹೊಸ ಟೈರುಗಳ ಆಮದನ್ನು ಪರವಾನಗಿಯಿಲ್ಲದೆ ತರಲಾಗದ ಪಟ್ಟಿಗೆ ಸೇರಿಸಿತು. ದೇಶದ ಕಾರ್ಖಾನೆಗಳನ್ನು ಕಾಯುವ ಕ್ರಮವದು, ಅದನ್ನು ತಪ್ಪೆನ್ನಲಾರೆ. ಆದರೆ ದೇಶದ ಯಾವ ಕಾರ್ಖಾನೆಯಿಂದಲೂ ನಮಗೆ ದೊರೆಯದಿದ್ದ ನಾಲ್ಕೇ ಟೈರುಗಳಿಗಾಗಿ ನನ್ನ ತಮ್ಮನ ಮಗ ಬರೆದ ಪತ್ರಗಳು ಮೇಜಿನಿಂದ ಮೇಜಿಗೆ ಹೋಗಿ ಎಲ್ಲಿಯೋ ನಿಂತುಬಿಟ್ಟವು.

ಇದೇ ಹೊತ್ತಿನಲ್ಲಿ ನಮ್ಮ ಚಕ್ಕಡಿಗೆ ಹಳಿ ಕಟ್ಟಿದ ಮನೆತನದ ಹಿರಿಯರೊಬ್ಬರು ಕಾರನ್ನು ನೋಡಲು ಬಂದರು. ಎಂಬತ್ತು ದಾಟಿದವರು, ಒಲೆ ಆರಿಸಿ ಬಹಳ ವರ್ಷಗಳಾಗಿವೆ. ಪುಟ್ಟ ಗಾಲಿಯನ್ನು ಮಡಿಲಲ್ಲಿಟ್ಟುಕೊಂಡು, ಮಗುವಿನ ತಲೆಯನ್ನು ತಡವುವಂತೆ ಅಂಚನ್ನೆಲ್ಲ ಸವರಿ ನೋಡಿದರು. “ಇದಕ್ಕ ಹಳಿ ನಾ ಈಗೂ ಕಟ್ಟೇನು ಯಪ್ಪಾ. ಆದ್ರ ಅದರಾಗ ಗಾಳಿ ಹ್ಯಾಂಗ ತುಂಬಲಿ?” ಎಂದರು. ನಾವೆಲ್ಲ ನಕ್ಕೆವು, ಅವರು ನಗಲಿಲ್ಲ. ತಮ್ಮ ಕೈಗೆ ಸಾಧ್ಯವಾಗದ್ದೊಂದು ಗಾಲಿ ಇದೆಯೆಂಬುದನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದಂತೆ ತೋರಿತು.

ಕೊನೆಗೆ ನನ್ನ ತಮ್ಮನ ಮಗ ಮಿನಿ ತುಳಿದ ದಾರಿಯನ್ನೇ ತುಳಿದ. ಗಾಲಿಗಳನ್ನೇ ಬದಲಿಸಿ 12 ಅಂಗುಲದವನ್ನು ಹೊಂದಿಸಿದ. ಟೈರಿನ ಪಕ್ಕೆ ಗಿಡ್ಡವಾದದ್ದನ್ನು ಆರಿಸಿದರೆ, ಅಂದರೆ 145/70 ಆರ್ 12 ಎಂಬುದನ್ನು ಹಾಕಿದರೆ, ಹೊರವ್ಯಾಸ ಸುಮಾರು 508 ಮಿಲಿಮೀಟರ್ ಆಗುತ್ತದೆ. ಹಳೆಯದಕ್ಕಿಂತ 22 ಮಿಲಿಮೀಟರ್ ಮಾತ್ರ ಹೆಚ್ಚು. ವೇಗದ ಮುಳ್ಳು 60 ಎಂದು ತೋರಿಸುವಾಗ ಕಾರು 63ರ ಸಮೀಪ ಓಡುತ್ತಿರುತ್ತದೆ. ಅಷ್ಟನ್ನು ನೆನಪಿಟ್ಟುಕೊಂಡರೆ ಸಾಕು. ಗಾಲಿಯ ಮೇಲಿನ ಕಮಾನಿಗೆ ಟೈರು ಉಜ್ಜುವುದೇ ಎಂದು ಸ್ಟಿಯರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿದರು. ಒಂದೆಡೆ ಬೆರಳಗಲ ಸಂದು ಉಳಿಯಿತು. ಆದರೆ ಇದೂ ಶಾಶ್ವತವಲ್ಲ. 12 ಅಂಗುಲದ ಗಾಲಿಯನ್ನು ಮನೆಮನೆಗೆ ತಂದ ಮಾರುತಿ 800 2014ರಲ್ಲಿ ನಿಂತಿತು. ನ್ಯಾನೊ 2018ರಲ್ಲಿ ನಿಂತಿತು. ಆ ಅಚ್ಚುಗಳೂ ಒಂದು ದಿನ ಮೂಲೆ ಸೇರಿಯಾವು.

ಗಾಲಿ ಬದಲಾಯಿಸಿದ ಮೇಲೆ ಅದು ನನ್ನ ತಮ್ಮನ ಕಾರಾಗಿ ಉಳಿಯಿತೇ ಎಂಬ ಸಂಶಯ ನನ್ನನ್ನು ಕೆಲವು ದಿನ ಬಾಧಿಸಿತು. ಆಗ ನೆನಪಾಯಿತು: ನಮ್ಮ ತಂದೆಯವರು ಚಕ್ಕಡಿಯ ಮರದ ಅಚ್ಚನ್ನು ತೆಗೆಸಿ ಕಬ್ಬಿಣದ್ದನ್ನು ಹಾಕಿಸಿದ್ದರು, ಹಳಿಯನ್ನು ಎರಡು ಸಲ ಬಿಚ್ಚಿ ಕಟ್ಟಿಸಿದ್ದರು. ಅದು ನಮ್ಮ ಚಕ್ಕಡಿಯಲ್ಲವೆಂದು ಯಾರೂ ಅನ್ನಲಿಲ್ಲ. ನಡೆಯುವುದು ವಾಹನದ ಧರ್ಮ. ನಡೆಸುವುದಕ್ಕಾಗಿ ಮಾಡಿದ ಬದಲಾವಣೆ ಅದರ ಹೆಸರನ್ನು ಅಳಿಸಲಾರದು.

ಬನದ ಹುಣ್ಣಿಮೆಯ ಗದ್ದಲ ಕಳೆದ ಮೇಲೆ ಒಂದು ಮುಂಜಾನೆ ನಾವಿಬ್ಬರೂ ಅದರಲ್ಲಿ ಕೂತು ಬನಶಂಕರಿಗೆ ಹೋಗಿ ಬಂದೆವು. ದಾರಿಯುದ್ದಕ್ಕೂ ಅವನು ಹೆಚ್ಚು ಮಾತನಾಡಲಿಲ್ಲ. ತಾಯಿಯ ದರ್ಶನ ಮಾಡಿಕೊಂಡು ಹೊರಬಂದಾಗ, “ದೊಡ್ಡಪ್ಪಾ, ಅಪ್ಪನ ಗಾಲಿ ಒಗೀಬ್ಯಾಡ್ರಿ. ಟೈರ್ ಸಿಕ್ರ ಸಿಗ್ಬೋದು,” ಎಂದ. ಒಗೆಯಲಿಲ್ಲ. ಮಣ್ಣು ತೊಳೆದು ಎಣ್ಣೆ ಸವರಿ ಇಟ್ಟಿದ್ದೇನೆ. ಹಿತ್ತಿಲಿನ ಚಕ್ಕಡಿಯಲ್ಲಿ, ಹಾಸಿದ ಗೋಣಿಚೀಲದ ಮೇಲೆ, ಆ ನಾಲ್ಕು ಪುಟ್ಟ ಗಾಲಿಗಳು ಇವೆ.